ಅಗ್ನಿಶಾಮಕರ ದೇಹ, ಮನಸ್ಸಿನ ಆರೋಗ್ಯಕ್ಕೆ ಡಬ್ಲ್ಯೂಎಫ್‌ಐ ಕಾರ್ಯಕ್ರಮ: ಎಲ್ಲಿ ಗಟ್ಟಿ, ಎಲ್ಲಿ ಟೊಳ್ಳು

ಅಗ್ನಿಶಾಮಕ ಸಿಬ್ಬಂದಿಯ ಆರೋಗ್ಯಕ್ಕೆಂದೇ ರೂಪುಗೊಂಡ ಕಾರ್ಯಕ್ರಮಗಳಲ್ಲಿ ಹೆಚ್ಚು ಹೆಸರು ಮಾಡಿದ್ದು ಅಮೆರಿಕ ಮತ್ತು ಕೆನಡಾದ ‘ವೆಲ್‌ನೆಸ್ ಫಿಟ್‌ನೆಸ್ ಇನಿಷಿಯೇಟಿವ್’, ಚಿಕ್ಕದಾಗಿ ಡಬ್ಲ್ಯೂಎಫ್‌ಐ. ಅಲ್ಲಿನ ಅಗ್ನಿಶಾಮಕ ನೌಕರರ ಸಂಘ ಐಎಎಫ್‌ಎಫ್ ಮತ್ತು ಮುಖ್ಯಾಧಿಕಾರಿಗಳ ಸಂಘ ಐಎಎಫ್‌ಸಿ 1990ರ ದಶಕದ ಕೊನೆಯಲ್ಲಿ ಒಟ್ಟಿಗೆ ಕೂತು ಇದನ್ನು ಕಟ್ಟಿದವು. ನ್ಯೂಯಾರ್ಕ್, ಫೀನಿಕ್ಸ್, ಸಿಯಾಟಲ್, ಕ್ಯಾಲ್ಗರಿ ಸೇರಿ ಹತ್ತು ಇಲಾಖೆಗಳು ಮೊದಲು ಕೈಜೋಡಿಸಿದವು. 2018ರಲ್ಲಿ ಇದರ ಕೈಪಿಡಿಯ ನಾಲ್ಕನೇ ಆವೃತ್ತಿ ಬಂತು. ವೈದ್ಯಕೀಯ ತಪಾಸಣೆ, ದೈಹಿಕ ಕ್ಷಮತೆ, ಗಾಯದ ನಂತರದ ಪುನಶ್ಚೇತನ, ಮಾನಸಿಕ ಆರೋಗ್ಯ, ಮಾಹಿತಿ ಸಂಗ್ರಹ ಎಂದು ಐದು ಭಾಗ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ವೈದ್ಯಕೀಯ ಭಾಗ ಮತ್ತು ಗೋಪ್ಯತೆಯ ನಿಯಮಗಳು ಅಪ್ಪಟ ಚಿನ್ನ. ಕ್ಷಮತೆಯ ಪರೀಕ್ಷೆಗಳು ಒಳ್ಳೆಯವು, ಆದರೆ ಅಳೆಯುವವರಿಗೆ ಅವುಗಳ ಮಿತಿ ಗೊತ್ತಿರಬೇಕು. ಮಾನಸಿಕ ಆರೋಗ್ಯದ ಭಾಗದಲ್ಲಿ ದಿಕ್ಕು ಸರಿಯಿದೆ, ಕೈಗೆ ಸಿಗುವ ಹತಾರ ಕಡಿಮೆ. ಬೆಂಕಿಯ ಸ್ಥಳದಲ್ಲಿ ದೇಹ ತಣಿಸುವುದು, ಮಸಿ ತೊಳೆಯುವುದು ಇವಕ್ಕೆ ಬೇರೆ ಕಡೆ ಹೋಗಬೇಕು. ಇಡೀ ಕಾರ್ಯಕ್ರಮ ನಿಂತಿರುವುದು ಒಂದೇ ಕಂಬದ ಮೇಲೆ: ಇಲ್ಲಿ ಸಿಕ್ಕ ಯಾವ ಅಂಕಿಯನ್ನೂ ನೌಕರನನ್ನು ದಂಡಿಸಲು ಬಳಸುವಂತಿಲ್ಲ. ಆ ಕಂಬ ಕಿತ್ತರೆ ಮಿಕ್ಕಿದ್ದೆಲ್ಲ ಬರೀ ಕಾಗದ.

ದಂಡನೆ ಇಲ್ಲ ಅನ್ನುವುದೇ ಏಕೆ ಮುಖ್ಯ

ಎದೆ ಹಿಡಿದಂತಾಗುತ್ತಿದೆ ಎಂದು ಹೇಳಿದರೆ ತನ್ನನ್ನು ಗಾಡಿಯಿಂದ ಇಳಿಸಿ ಕಚೇರಿ ಕೆಲಸಕ್ಕೆ ಹಾಕುತ್ತಾರೆ, ಭತ್ಯೆ ಹೋಗುತ್ತದೆ, ಬಡ್ತಿ ನಿಲ್ಲುತ್ತದೆ ಎಂದು ಗೊತ್ತಿರುವ ನೌಕರ ಆ ಮಾತು ಹೇಳುವುದಿಲ್ಲ. ಬಿಪಿ ನೋಡುವ ದಿನದ ಬೆಳಿಗ್ಗೆ ಮಾತ್ರ ಮಾತ್ರೆ ನುಂಗಿ ಬರುತ್ತಾನೆ. ನಿದ್ದೆ ಬರುತ್ತಿಲ್ಲ ಎಂಬುದನ್ನು ಮನೆಯವರಿಗೂ ಮುಚ್ಚಿಡುತ್ತಾನೆ. ಡಬ್ಲ್ಯೂಎಫ್‌ಐ ಇದಕ್ಕೆ ಕೊಡುವ ಉತ್ತರ ನೇರವಾಗಿದೆ. ತಪಾಸಣೆಯ ವಿವರ ವೈದ್ಯರ ಬಳಿಯೇ ಉಳಿಯುತ್ತದೆ. ಇಲಾಖೆಗೆ ಹೋಗುವುದು ಕೆಲಸಕ್ಕೆ ತಕ್ಕ ಸ್ಥಿತಿಯಲ್ಲಿದ್ದಾನೆಯೇ, ಇಲ್ಲವೇ, ಯಾವ ನಿರ್ಬಂಧ ಬೇಕು ಎಂಬ ಒಂದು ಸಾಲು ಮಾತ್ರ. ಕ್ಷಮತೆಯ ಅಂಕಗಳನ್ನು ಒಬ್ಬರಿಗೊಬ್ಬರು ಹೋಲಿಸುವುದಿಲ್ಲ. ಆತನದೇ ಹಿಂದಿನ ವರ್ಷದ ಅಂಕಕ್ಕೆ ಹೋಲಿಸುತ್ತಾರೆ. ಸೂಚನಾ ಫಲಕದಲ್ಲಿ ಹೆಸರು ಹಾಕುವ ಪ್ರಶ್ನೆಯೇ ಇಲ್ಲ.

ಸಂಘ ಮತ್ತು ಆಡಳಿತ ಎರಡೂ ಸಹಿ ಹಾಕಿ ಶುರುಮಾಡಬೇಕು ಎಂಬ ಷರತ್ತೂ ಇದೇ ಕಾರಣಕ್ಕೆ. ಎಷ್ಟೋ ಕಡೆ ಆಡಳಿತ ಒಂದೇ ಕೈಯಲ್ಲಿ ಜಾರಿಗೆ ತರಲು ಹೊರಡುತ್ತದೆ. ಆಗ ಅದು ಆರೋಗ್ಯ ಕಾರ್ಯಕ್ರಮವಾಗಿ ಉಳಿಯದೆ ಹಾಜರಾತಿಯ ಇನ್ನೊಂದು ರಿಜಿಸ್ಟರ್ ಆಗುತ್ತದೆ.

ವೈದ್ಯಕೀಯ ಭಾಗ: ದುಡ್ಡು ಇಲ್ಲಿ ಹಾಕಿ

ಹೃದಯವೇ ಮೊದಲು ಏಕೆ ಎಂಬುದಕ್ಕೆ 2007ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಅಧ್ಯಯನ ಸಾಕು. ಅಮೆರಿಕದಲ್ಲಿ ಕರ್ತವ್ಯದ ಮೇಲಿದ್ದಾಗ ಸತ್ತ ಅಗ್ನಿಶಾಮಕರಲ್ಲಿ ಸುಮಾರು 45 ಶೇಕಡಾ ಸಾವುಗಳು ಹೃದಯದ ರಕ್ತನಾಳದ ಕಾಯಿಲೆಯಿಂದ ಆದವು. ಕೆಲಸದ ಒಟ್ಟು ಸಮಯದಲ್ಲಿ ಬೆಂಕಿ ನಂದಿಸುವುದಕ್ಕೆ ಹೋಗುವುದು 1ರಿಂದ 5 ಶೇಕಡಾ ಮಾತ್ರ. ಆದರೆ ಈ ಹೃದಯದ ಸಾವುಗಳಲ್ಲಿ ಸುಮಾರು 32 ಶೇಕಡಾ ಆ ಸಣ್ಣ ಅವಧಿಯಲ್ಲೇ ಆದವು. ಕಾರಣ ಊಹಿಸುವುದು ಕಷ್ಟವಲ್ಲ. ಮಲಗಿದ್ದವನು ಗಂಟೆ ಹೊಡೆದ ಕೂಡಲೇ ಏಳುತ್ತಾನೆ, ನಾಡಿ ಏರುತ್ತದೆ, ಮೈಮೇಲೆ ಇಪ್ಪತ್ತು ಕಿಲೋಗೂ ಮೀರಿದ ಉಡುಪು ಮತ್ತು ಬಿಎ ಸೆಟ್ (ಬೆನ್ನಿಗೆ ಹೊರುವ ಉಸಿರಾಟದ ಗಾಳಿಯ ಸಿಲಿಂಡರ್), ಸುತ್ತ ಬಿಸಿ, ಬೆವರಿ ರಕ್ತ ಗಟ್ಟಿಯಾಗುತ್ತದೆ, ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್. ಮೊದಲೇ ಕಟ್ಟಿಕೊಂಡ ರಕ್ತನಾಳ ಇದನ್ನು ತಾಳುವುದಿಲ್ಲ. ಅಂದರೆ ಬೆಂಕಿ ಆ ಕಾಯಿಲೆಯನ್ನು ಹುಟ್ಟಿಸಲಿಲ್ಲ, ವರ್ಷಗಳಿಂದ ಒಳಗೇ ಇದ್ದದ್ದನ್ನು ಬಯಲಿಗೆ ಎಳೆಯಿತು. ವರ್ಷಕ್ಕೊಮ್ಮೆ ನೋಡಿದ್ದರೆ ಅದು ಮೊದಲೇ ಸಿಗಬಹುದಿತ್ತು.

ಡಬ್ಲ್ಯೂಎಫ್‌ಐ ತಪಾಸಣೆಯಲ್ಲಿ ಬಿಪಿ, ರಕ್ತದ ಸಕ್ಕರೆ ಮತ್ತು ಕೊಬ್ಬು, ಇಸಿಜಿ, ಊದಿಸಿ ಶ್ವಾಸಕೋಶ ಅಳೆಯುವ ಸ್ಪೈರೊಮೆಟ್ರಿ, ಕಿವಿ, ಕಣ್ಣು, ಮೂತ್ರ, ಲಸಿಕೆ, ವಯಸ್ಸಿಗೆ ತಕ್ಕ ಕ್ಯಾನ್ಸರ್ ಪರೀಕ್ಷೆ ಎಲ್ಲ ಬರುತ್ತವೆ. ಇದರಲ್ಲಿ ಸ್ಪೈರೊಮೆಟ್ರಿ ಮತ್ತು ಕಿವಿಯ ಪರೀಕ್ಷೆಗೆ ಒಂದು ಗುಟ್ಟಿದೆ: ಸೇರಿದ ವರ್ಷದ್ದೇ ಅಳತೆ ಕೈಯಲ್ಲಿರಬೇಕು. ಹತ್ತು ವರ್ಷದ ನಂತರ ಬಂದ ಒಂದು ಒಂಟಿ ಅಂಕಿ ‘ಸಾಮಾನ್ಯ’ ಎಂದೇ ತೋರಬಹುದು. ಆದರೆ ಆತ ಸೇರಿದಾಗ ಸರಾಸರಿಗಿಂತ ಎಷ್ಟೋ ಮೇಲಿದ್ದವನಾಗಿದ್ದರೆ ಆ ಸಾಮಾನ್ಯವೇ ದೊಡ್ಡ ಕುಸಿತ. ಆದ್ದರಿಂದ ತರಬೇತಿಯ ಮೊದಲ ವಾರದಲ್ಲೇ ಇವೆರಡನ್ನು ಮಾಡಿಸಿ ಫೈಲಿನಲ್ಲಿಡಿ. ಕಿವಿಯ ಪರೀಕ್ಷೆಯನ್ನು ಪಂಪ್ ಡ್ರಿಲ್ ಮುಗಿದ ದಿನವೇ ಮಾಡಿಸಬೇಡಿ. ಪಂಪಿನ ಸದ್ದಿಗೆ ತಾತ್ಕಾಲಿಕವಾಗಿ ಮಂದವಾದ ಕಿವಿ ತಪ್ಪು ಅಂಕಿ ಕೊಡುತ್ತದೆ. ರಾತ್ರಿಯೆಲ್ಲ ಸದ್ದಿನಿಂದ ದೂರ ಇದ್ದು ಬೆಳಿಗ್ಗೆ ಮಾಡಿಸಿದರೆ ಸರಿ.

ಕ್ಯಾನ್ಸರ್ ವಿಷಯದಲ್ಲಿ ಕೈಪಿಡಿ ಬಂದ ಮೇಲೆ ಲೋಕ ಮುಂದೆ ಹೋಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿ 2022ರಲ್ಲಿ ಅಗ್ನಿಶಾಮಕ ವೃತ್ತಿಯನ್ನೇ ಕ್ಯಾನ್ಸರ್‌ಕಾರಕಗಳ ಒಂದನೇ ಗುಂಪಿಗೆ ಸೇರಿಸಿತು. ಮೀಸೋಥೀಲಿಯೋಮ (ಶ್ವಾಸಕೋಶದಂಥ ಅಂಗಗಳ ಹೊದಿಕೆಯ ಕ್ಯಾನ್ಸರ್) ಮತ್ತು ಮೂತ್ರಕೋಶದ ಕ್ಯಾನ್ಸರಿಗೆ ಪುರಾವೆ ಸಾಕಷ್ಟಿದೆ ಎಂದಿತು. ಹೀಗಾಗಿ ಮೂತ್ರ ಪರೀಕ್ಷೆಯಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಇದ್ದರೂ ‘ಬಿಸಿಲಿಗೆ ಹಾಗಾಗುತ್ತೆ’ ಎಂದು ಕಳಿಸದೆ ಮೂತ್ರರೋಗ ತಜ್ಞರಿಗೆ ತೋರಿಸಬೇಕು.

ಕ್ಷಮತೆಯ ಪರೀಕ್ಷೆಗಳು: ಅಂಕಿ ನಂಬುವ ಮೊದಲು

ಪರೀಕ್ಷೆಗೆ ಮುಂಚೆ ಕೂರಿಸಿ ನಾಡಿ, ಬಿಪಿ ನೋಡುತ್ತಾರೆ. ನಾಡಿ 110 ದಾಟಿದ್ದರೆ, ಅಥವಾ ಬಿಪಿ 160/100 ಮೀರಿದ್ದರೆ ಶಾಂತವಾದ ಜಾಗದಲ್ಲಿ 5 ನಿಮಿಷ ಕೂರಿಸಿ ಮತ್ತೆ ನೋಡಬೇಕು. ಇಳಿಯದಿದ್ದರೆ ಆ ದಿನ ಪರೀಕ್ಷೆ ಇಲ್ಲ, ವೈದ್ಯರ ಹತ್ತಿರ ಕಳಿಸಬೇಕು. ಈ ಒಂದು ಹೆಜ್ಜೆಯನ್ನು ಹಾರಿಸುವವರೇ ಹೆಚ್ಚು. ಇಡೀ ಭಾಗದಲ್ಲಿ ಜೀವ ಉಳಿಸುವ ಹೆಜ್ಜೆ ಇದೇ.

ಟ್ರೆಡ್‌ಮಿಲ್ ಪರೀಕ್ಷೆ ಹೀಗಿದೆ. ಮೊದಲ 3 ನಿಮಿಷ ಗಂಟೆಗೆ ಸುಮಾರು 4.8 ಕಿ.ಮೀ. ವೇಗದಲ್ಲಿ, ಏರಿಲ್ಲದೆ ನಡಿಗೆ. ಆಮೇಲೆ 7.2 ಕಿ.ಮೀ.ಗೆ ಏರಿಸಬೇಕು. ಅಲ್ಲಿಂದ ನಿಮಿಷಕ್ಕೊಮ್ಮೆ ಒಂದು ಸಲ ಏರು 2 ಶೇಕಡಾ, ಇನ್ನೊಂದು ಸಲ ವೇಗ 0.8 ಕಿ.ಮೀ. ಹೆಚ್ಚಿಸುತ್ತ ಹೋಗುವುದು. ನಾಡಿ ಗುರಿ ದಾಟಿ 15 ಸೆಕೆಂಡು ಅಲ್ಲೇ ನಿಂತರೆ ಪರೀಕ್ಷೆ ಮುಗಿಯಿತು, ಮತ್ತೆ ನಿಧಾನ ನಡಿಗೆಗೆ ಇಳಿಸಬೇಕು. ಗುರಿಯ ಲೆಕ್ಕ: ವಯಸ್ಸನ್ನು 0.7ರಿಂದ ಗುಣಿಸಿ 208ರಿಂದ ಕಳೆಯಿರಿ, ಬಂದದ್ದರ 85 ಶೇಕಡಾ ತೆಗೆದುಕೊಳ್ಳಿ. 40 ವರ್ಷದವರಿಗೆ 208ರಲ್ಲಿ 28 ಹೋದರೆ 180, ಅದರ 85 ಶೇಕಡಾ 153. ಐವತ್ತಕ್ಕೆ 147.

ಎಷ್ಟು ನಿಮಿಷ ಓಡಿದರು, ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) ಎಷ್ಟು ಎಂಬುದರಿಂದ ದೇಹ ಆಮ್ಲಜನಕ ಬಳಸುವ ಶಕ್ತಿಯನ್ನು ಅಂದಾಜು ಮಾಡುತ್ತಾರೆ. ಅಂದಾಜು ಎಂಬುದನ್ನು ಮರೆಯಬಾರದು. ಇದು ಮೂರು ಕಡೆ ಎಡವುತ್ತದೆ. ಒಂದು, ಬಿಪಿಗೆ ಅಟೆನೊಲಾಲ್, ಮೆಟೊಪ್ರೊಲಾಲ್ ಥರದ ಬೀಟಾ ಬ್ಲಾಕರ್ ನುಂಗುವವರ ನಾಡಿ ಎಂದಿನಷ್ಟು ಏರುವುದಿಲ್ಲ. ಯಂತ್ರದ ಲೆಕ್ಕದಲ್ಲಿ ಆತ ಅಸಾಧಾರಣ ಓಟಗಾರ, ನಿಜದಲ್ಲಿ ಆತನ ಹೃದಯಕ್ಕೇ ಹೆಚ್ಚು ಗಮನ ಬೇಕು. ಇಂಥವರಿಗೆ ಈ ಪರೀಕ್ಷೆ ಬೇಡ, ಆಸ್ಪತ್ರೆಯಲ್ಲಿ ವೈದ್ಯರ ಕಣ್ಣೆದುರು ಟಿಎಂಟಿ, ಅಂದರೆ ಇಸಿಜಿ ನೋಡುತ್ತ ಟ್ರೆಡ್‌ಮಿಲ್ ಮೇಲೆ ನಡೆಸುವ ಪರೀಕ್ಷೆ, ಆಗಲಿ. ಎರಡು, ವಯಸ್ಸಿನ ಸೂತ್ರ ಸರಾಸರಿಯದ್ದು. ಒಂದೇ ವಯಸ್ಸಿನ ಇಬ್ಬರ ಗರಿಷ್ಠ ನಾಡಿಯಲ್ಲಿ ಹತ್ತಿಪ್ಪತ್ತು ಬಡಿತದ ಅಂತರ ಇರುವುದು ಸಹಜ. ಮೂರು, ಬಿಎಂಐಗೆ ಕೊಬ್ಬು ಯಾವುದು, ಸ್ನಾಯು ಯಾವುದು ಗೊತ್ತಿಲ್ಲ. ಕಸರತ್ತು ಮಾಡಿ ಮೈ ಕಟ್ಟಿದವರ ಅಂಕ ಅನ್ಯಾಯವಾಗಿ ಇಳಿಯುತ್ತದೆ. ಇಷ್ಟಾದರೂ ಒಬ್ಬರದೇ ಅಂಕ ವರ್ಷದಿಂದ ವರ್ಷಕ್ಕೆ ಹೇಗೆ ಸಾಗುತ್ತಿದೆ ನೋಡಲು ಇದು ಚೆನ್ನಾಗಿಯೇ ಸಾಕು, ಪ್ರತಿ ಸಲ ಅದೇ ಯಂತ್ರ, ಅದೇ ಹೊತ್ತು, ಹೆಚ್ಚುಕಡಿಮೆ ಅದೇ ಸೆಖೆ ಇದ್ದರೆ. ಏಪ್ರಿಲ್‌ನಲ್ಲಿ ರಾಯಚೂರಿನ ಮಧ್ಯಾಹ್ನ ಫ್ಯಾನಿಲ್ಲದ ಕೋಣೆಯಲ್ಲಿ ಓಡಿಸಿದ ಅಂಕವನ್ನು ಡಿಸೆಂಬರ್ ಬೆಳಗಿನ ಅಂಕದ ಪಕ್ಕ ಇಟ್ಟರೆ ಅಳೆದದ್ದು ಹವಾಮಾನವನ್ನು.

ಆಮ್ಲಜನಕ ಬಳಸುವ ಈ ಶಕ್ತಿ ಎಷ್ಟಿರಬೇಕು? ಅಮೆರಿಕದ ಅಗ್ನಿ ಸುರಕ್ಷಾ ಸಂಸ್ಥೆ ಎನ್‌ಎಫ್‌ಪಿಎಯ 1582 ಮಾನದಂಡದ ಹಳೆಯ ಆವೃತ್ತಿಗಳು 12 ಮೆಟ್, ಅಂದರೆ ನಿಮಿಷಕ್ಕೆ ಕಿಲೋ ತೂಕಕ್ಕೆ 42 ಮಿಲಿಲೀಟರ್ ಆಮ್ಲಜನಕ ಎಂದು ಗೆರೆ ಎಳೆದಿದ್ದವು. ಆ ಗೆರೆಯನ್ನು ಕೆಲಸ ಕಳೆಯುವ ಕತ್ತಿಯಾಗಿಸದೆ ತಾಲೀಮಿನ ಗುರಿಯಾಗಿಸಿಕೊಂಡರೆ ಲಾಭ.

ಮಿಕ್ಕ ಪರೀಕ್ಷೆಗಳಿಗೆ ಖರ್ಚು ಕಡಿಮೆ. ಮುಷ್ಟಿಯ ಬಲಕ್ಕೆ ಕೈಯಲ್ಲಿ ಹಿಡಿಯುವ ಡೈನಮೊಮೀಟರ್, ಮೊಣಕೈ ನೇರ ಕೋನಕ್ಕೆ ಮಡಚಿ, ಎರಡೂ ಕೈಗೆ ಮೂರು ಸಲ. ದಂಡ ಹೊಡೆಯಲು (ಪುಷ್‌ಅಪ್) ನಿಮಿಷಕ್ಕೆ 80 ಬಡಿತದ ತಾಳಯಂತ್ರ, ಮೆಟ್ರೊನೋಮ್. ಒಂದು ಬಡಿತಕ್ಕೆ ಕೆಳಗೆ, ಒಂದಕ್ಕೆ ಮೇಲೆ, 2 ನಿಮಿಷದಲ್ಲಿ ಹೆಚ್ಚೆಂದರೆ 80. ತಾಳ ತಪ್ಪಿದರೆ ಅಲ್ಲಿಗೆ ನಿಲ್ಲಿಸಬೇಕು; ‘ಇನ್ನೆರಡು ಹೊಡಿ’ ಎಂದು ಹುರಿದುಂಬಿಸುವುದರಿಂದ ಭುಜ ಕೆಡುತ್ತದೆ, ಅಂಕವೂ ಸುಳ್ಳಾಗುತ್ತದೆ. ಪ್ಲ್ಯಾಂಕ್, ಅಂದರೆ ಮೊಣಕೈ ಮತ್ತು ಕಾಲ್ಬೆರಳ ಮೇಲೆ ಮೈಯನ್ನು ನೇರ ಹಿಡಿಯುವುದು, 4 ನಿಮಿಷಕ್ಕೆ ನಿಲ್ಲುತ್ತದೆ. ಹಳೇ ಕಾಲದ ಸಿಟ್‌ಅಪ್ ಬದಲು ಪ್ಲ್ಯಾಂಕ್ ಒಳ್ಳೆಯದು. ಹೋಸ್ ಹಿಡಿದು ನಿಂತವನ ಸೊಂಟ ಮಾಡಬೇಕಾದ ಕೆಲಸ ಬಾಗದೆ ಗಟ್ಟಿ ನಿಲ್ಲುವುದು, ಪದೇ ಪದೇ ಮಡಚುವುದಲ್ಲ.

ಠಾಣೆಯಲ್ಲೇ ಇರುವ ಸಹೋದ್ಯೋಗಿಯೊಬ್ಬರನ್ನು ತಾಲೀಮು ಮಾರ್ಗದರ್ಶಕನಾಗಿ ತಯಾರು ಮಾಡುವ ‘ಪಿಯರ್ ಫಿಟ್‌ನೆಸ್ ಟ್ರೇನರ್’ ಯೋಜನೆ ಈ ಭಾಗದ ಅತ್ಯುತ್ತಮ ಅಂಶ. ಅಮೆರಿಕನ್ ಕೌನ್ಸಿಲ್ ಆನ್ ಎಕ್ಸರ್‌ಸೈಜ್ ಜೊತೆಗೂಡಿ ಅದಕ್ಕೆ ಪ್ರಮಾಣಪತ್ರ ಕೊಡುತ್ತಾರೆ. ಹೊರಗಿನ ಜಿಮ್ ತರಬೇತುದಾರನಿಗೆ ಬೈಸೆಪ್ಸ್ ಗೊತ್ತು, ಎರಡು ಮಹಡಿ ಹೋಸ್ ಎಳೆದ ಮೇಲೆ ಯಾವ ಸ್ನಾಯು ಕೈಕೊಡುತ್ತದೆ ಗೊತ್ತಿರುವುದಿಲ್ಲ. ಜೊತೆಗೆ, ಪಾಳಿಯಲ್ಲಿರುವಾಗ ಸುಸ್ತಾಗಿ ಬೀಳುವಷ್ಟು ತಾಲೀಮು ಮಾಡಬಾರದೆಂಬ ವಿವೇಕ ಒಳಗಿನವರಿಗೇ ಇರುತ್ತದೆ. ಕರೆ ಯಾವಾಗ ಬೇಕಾದರೂ ಬರಬಹುದು; ಪಾಳಿಯ ತಾಲೀಮಿನ ನಂತರವೂ ಮೈಯಲ್ಲಿ ಕಸುವು ಉಳಿದಿರಬೇಕು.

ಸಿಪ್ಯಾಟ್ ಬಗ್ಗೆ ಒಂದು ಎಚ್ಚರಿಕೆ. ಡಬ್ಲ್ಯೂಎಫ್‌ಐ ಜೊತೆಗೇ ಹುಟ್ಟಿದ ನೇಮಕಾತಿ ಪರೀಕ್ಷೆ ಇದು: 10 ನಿಮಿಷ 20 ಸೆಕೆಂಡಿನಲ್ಲಿ ಎಂಟು ಕೆಲಸ, ಮೈಮೇಲೆ 22.68 ಕಿಲೋದ ಅಂಗಿ. ಮೊದಲನೆಯದು ಯಂತ್ರದ ಮೆಟ್ಟಿಲು: ನಿಮಿಷಕ್ಕೆ 60 ಮೆಟ್ಟಿಲಿನಂತೆ 3 ನಿಮಿಷ, ಆಗ ಹೆಗಲ ಮೇಲೆ ಇನ್ನೂ 11 ಕಿಲೋ ಚಿಲ್ಲರೆ. ಆಮೇಲೆ ಹೋಸ್ ಎಳೆತ, ಗರಗಸ ಹೊರುವುದು, ಏಣಿ, ಸುತ್ತಿಗೆ, ಕತ್ತಲ ಸುರಂಗ, ಸುಮಾರು 75 ಕಿಲೋದ ಗೊಂಬೆ ಎಳೆಯುವುದು, ಛಾವಣಿ ತಿವಿಯುವುದು. ಕೊನೆಯ ಕೆಲಸಗಳಲ್ಲಿ ಸೋತವರಿಗೂ ಸೋಲಿನ ಕಾರಣ ಎಷ್ಟೋ ಸಲ ಮೊದಲ ಮೆಟ್ಟಿಲಲ್ಲೇ ಇರುತ್ತದೆ. ಅಲ್ಲಿ ಕಾಲು ಸತ್ತುಹೋದರೆ ಮುಂದಿನ ಏಳೂ ಸಾಲ ತೀರಿಸುವ ಕೆಲಸ. ತಯಾರಿಗೆ 8 ವಾರ ಬೇಕೆಂಬುದು ಸರಿಯಾದ ಲೆಕ್ಕ. ಇದು ಹೊಸಬರ ಆಯ್ಕೆಗೆ ಮಾಡಿದ್ದು, ಕೆಲಸದಲ್ಲಿರುವವರನ್ನು ವರ್ಷವರ್ಷ ಅಳೆಯಲು ಅಲ್ಲ. 48 ವರ್ಷದ ಚಾಲಕನಿಗೆ ಸಿಪ್ಯಾಟ್ ಮಾಡಿಸುವವರು ಕೈಪಿಡಿಯನ್ನು ಓದಿಲ್ಲ.

ಗಾಯ ಮತ್ತು ಮರಳಿ ಕೆಲಸ

ಈ ಭಾಗ ಚಿಕ್ಕದು, ಚೊಕ್ಕದು. ಫಿಸಿಯೋಥೆರಪಿ ಬೇಗ ಶುರುವಾಗಬೇಕು, ನಡುವೆ ಹಗುರ ಕೆಲಸ ಕೊಡಬೇಕು, ಮರಳುವ ಮುನ್ನ ನಿಜವಾದ ಕೆಲಸವನ್ನೇ ಮಾಡಿಸಿ ನೋಡಬೇಕು ಎನ್ನುತ್ತದೆ. ಮೂರನೆಯದೇ ಮುಖ್ಯ. ನೋವಿಲ್ಲ ಎಂದ ಮಾತ್ರಕ್ಕೆ ಸೊಂಟ ಗುಣವಾಯಿತು ಅಂತಲ್ಲ. ಬಿಎ ಸೆಟ್ ಹೊತ್ತು ಏಣಿ ಹತ್ತಿಸಿ, ನೀರು ತುಂಬಿದ ಹೋಸ್ ಎಳೆಸಿ, ಮಾರನೇ ದಿನ ಬೆಳಿಗ್ಗೆ ಹೇಗಿದೆ ಎಂದು ಕೇಳಿ. ಅಂದೇ ಸಂಜೆಯ ಉತ್ತರ ನಂಬುವಂಥದ್ದಲ್ಲ.

ಕೈಪಿಡಿ ಬಿಟ್ಟದ್ದು: ತಣಿಸುವುದು, ತೊಳೆಯುವುದು

ಬೆಂಕಿಯ ಜಾಗದ ವಿಶ್ರಾಂತಿಗೆ ಎನ್‌ಎಫ್‌ಪಿಎ 1584 ಎಂಬ ಬೇರೆ ಮಾನದಂಡವಿತ್ತು; ಈಗ ಅದು ಎನ್‌ಎಫ್‌ಪಿಎ 1580ರೊಳಗೆ ಸೇರಿದೆ. ಡಬ್ಲ್ಯೂಎಫ್‌ಐ ಪಕ್ಕದಲ್ಲಿ ಅದನ್ನೂ ಇಟ್ಟುಕೊಳ್ಳಲೇಬೇಕು. 30 ನಿಮಿಷದ ಎರಡು ಸಿಲಿಂಡರ್ ಖಾಲಿಯಾದರೆ, ಅಥವಾ 45–60 ನಿಮಿಷದ್ದು ಒಂದು ಮುಗಿದರೆ, ಅಥವಾ ಬಿಎ ಸೆಟ್ ಇಲ್ಲದೆ 40 ನಿಮಿಷ ಜೋರು ಕೆಲಸ ಮಾಡಿದರೆ ಕನಿಷ್ಠ 20 ನಿಮಿಷ ವಿಶ್ರಾಂತಿ. ಅಲ್ಲಿ ಮೊದಲ ಕೆಲಸ ಕೋಟು, ತಲೆ-ಕುತ್ತಿಗೆ ಮುಚ್ಚುವ ಹುಡ್ ಬಿಚ್ಚಿ ಪ್ಯಾಂಟನ್ನು ಬೂಟಿನವರೆಗೆ ಇಳಿಸುವುದು. ಕೋಟು ತೊಟ್ಟೇ ನೆರಳಿನಲ್ಲಿ ಕೂತರೆ ಒಳಗಿನ ಬಿಸಿ ಹೋಗುವುದಿಲ್ಲ, ಸ್ವಲ್ಪ ಹೊತ್ತು ಮೈಬಿಸಿ ಏರುತ್ತಲೇ ಇರುತ್ತದೆ.

ತೋಳು ತಣಿಸುವ ತೊಟ್ಟಿಯಿರುವ ಕುರ್ಚಿಗಳನ್ನು ಮಾರುತ್ತಾರೆ. ಅದೇ ಕೆಲಸವನ್ನು ಎರಡು ಅಗಲ ಬಕೆಟ್ ಮಾಡುತ್ತವೆ. ಕೈಬೆರಳಿಂದ ಮೊಣಕೈವರೆಗೆ ಮುಳುಗಿಸಿ 10ರಿಂದ 15 ನಿಮಿಷ ಇಡುವುದು. ಅಂಗೈ ಮತ್ತು ಮುಂದೋಳಿನಲ್ಲಿ ರಕ್ತ ಚರ್ಮದ ಹತ್ತಿರವೇ ಹರಿಯುವುದರಿಂದ ತಣಿದ ರಕ್ತ ಎದೆಗೆ ಮರಳುತ್ತದೆ. ನೀರು 10ರಿಂದ 20 ಡಿಗ್ರಿ ಇದ್ದರೆ ಕೆಲಸ ಚುರುಕು. ಕಲಬುರಗಿಯ ಮೇ ತಿಂಗಳಲ್ಲಿ ಗಾಡಿಯ ಟ್ಯಾಂಕಿನ ನೀರೇ ಬೆಚ್ಚಗಿರುತ್ತದೆ, ಅದರಿಂದ ಪ್ರಯೋಜನ ಕಡಿಮೆ. ಐಸ್ ತುಂಬಿದ ಡಬ್ಬಿ ಗಾಡಿಯಲ್ಲಿರಲಿ. ಕುಡಿಯಲು ಓಆರ್‌ಎಸ್ ಕೊಡುವುದಾದರೆ ದೊಡ್ಡ ಪೊಟ್ಟಣಕ್ಕೆ ಅಳೆದು ಒಂದು ಲೀಟರ್ ನೀರು. ಒಂದು ಲೋಟದಲ್ಲಿ ಇಡೀ ಪೊಟ್ಟಣ ಸುರಿದರೆ ಉಪ್ಪು ಐದು ಪಟ್ಟು ಗಟ್ಟಿಯಾಗಿ ವಾಂತಿ ಬರುತ್ತದೆ, ಬಾಯಾರಿಕೆ ಹೆಚ್ಚುತ್ತದೆ. ಬಿಪಿ, ಸಕ್ಕರೆ ಇರುವವರಿಗೆ ಸಾದಾ ನೀರೇ ಮೊದಲು. ವಿಶ್ರಾಂತಿಯ ನಂತರವೂ ನಾಡಿ ಇಳಿಯದವರನ್ನು, ತಲೆನೋವು, ವಾಕರಿಕೆ ಎನ್ನುವವರನ್ನು ಮತ್ತೆ ಒಳಗೆ ಕಳಿಸಬಾರದು. ಬೆರಳಿಗೆ ಹಾಕುವ ಸಾಮಾನ್ಯ ಆಕ್ಸಿಮೀಟರ್ 98 ಎಂದು ತೋರಿಸಿದರೂ ನೆಮ್ಮದಿ ಬೇಡ. ಅದು ಕಾರ್ಬನ್ ಮಾನಾಕ್ಸೈಡ್ ಹಿಡಿದ ರಕ್ತವನ್ನೂ ಆಮ್ಲಜನಕ ಎಂದೇ ಓದುತ್ತದೆ.

ಮಸಿಯ ವಿಷಯದಲ್ಲಿ 2017ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ ಬಲು ಉಪಯುಕ್ತ. ಕೋಟಿನ ಮೇಲಿನ ಪಿಎಎಚ್ ಎಂಬ ಕ್ಯಾನ್ಸರ್‌ಕಾರಕ ಗುಂಪಿನ ವಸ್ತುಗಳು ಒಣ ಬ್ರಷ್‌ನಿಂದ ಇಳಿದದ್ದು ಸುಮಾರು 23 ಶೇಕಡಾ. ನೀರು, ಸೋಪು, ಬ್ರಷ್ ಮೂರೂ ಸೇರಿದಾಗ 85 ಶೇಕಡಾ. ಕುತ್ತಿಗೆಯ ಚರ್ಮವನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಅರ್ಧಕ್ಕಿಂತ ಹೆಚ್ಚು ಹೋಯಿತು. ಅಂದರೆ ಒಂದು ಸ್ಪ್ರೇಯರ್, ಪಾತ್ರೆ ತೊಳೆಯುವ ದ್ರವ, ಉದ್ದ ಹಿಡಿಯ ಬ್ರಷ್, ಒಂದು ಪೊಟ್ಟಣ ಒದ್ದೆ ವೈಪ್ಸ್. ಮುಖಗವಸು ತೆಗೆಯದೇ, ಬಿಎ ಗಾಳಿ ಉಸಿರಾಡುತ್ತಲೇ ಕೋಟನ್ನು ತೊಳೆಸಿಕೊಳ್ಳಬೇಕು. ಆಮೇಲೆ ಹುಡ್ ಬಿಚ್ಚಿ ಕುತ್ತಿಗೆ, ಕಿವಿಯ ಹಿಂಭಾಗ, ಕಂಕುಳು, ಮಣಿಕಟ್ಟು ಒರೆಸಬೇಕು. ಒದ್ದೆ ಕೋಟನ್ನು ಗಾಡಿಯ ಒಳಗೆ ತರದೆ ಮುಚ್ಚಿದ ಚೀಲದಲ್ಲಿ ಹಾಕಿ. ಅದನ್ನು ಮನೆಯ ಬಟ್ಟೆಯ ಜೊತೆ ವಾಷಿಂಗ್ ಮೆಷಿನ್‌ಗೆ ಹಾಕುವುದಂತೂ ಸುತರಾಂ ಬೇಡ. ಮಸಿ ಮಕ್ಕಳ ಬಟ್ಟೆಗೆ ಹತ್ತುತ್ತದೆ.

ಮನಸ್ಸಿನ ಭಾಗ

ಇಲ್ಲಿ ಕೈಪಿಡಿ ಸಹೋದ್ಯೋಗಿಗಳ ನೆರವು, ಸಲಹಾ ಸೇವೆ, ಕುಟುಂಬಕ್ಕೆ ಬೆಂಬಲ ಎಂದೆಲ್ಲ ಹೇಳುತ್ತದೆ. ದಿಕ್ಕು ತಪ್ಪಿಲ್ಲ. ಆದರೆ ನಾಳೆ ಬೆಳಿಗ್ಗೆ ಠಾಣಾಧಿಕಾರಿ ಏನು ಮಾಡಬೇಕು ಎಂಬುದು ಕ್ಷಮತೆಯ ಭಾಗದಲ್ಲಿರುವಷ್ಟು ಸ್ಪಷ್ಟವಾಗಿಲ್ಲ. ಹಾಗಾಗಿ ಅಮೆರಿಕದ ರಾಷ್ಟ್ರೀಯ ಮೃತ ಅಗ್ನಿಶಾಮಕರ ಪ್ರತಿಷ್ಠಾನದ ಸಾಮಗ್ರಿಯನ್ನು ಜೊತೆಗಿಟ್ಟುಕೊಳ್ಳಿ ಎನ್ನುತ್ತೇವೆ. ಅವರ ‘ಆಫ್ಟರ್ ಆಕ್ಷನ್ ರಿವ್ಯೂ’ ಐದೇ ಪ್ರಶ್ನೆ: ನಮ್ಮ ಕೆಲಸ ಏನಿತ್ತು? ಯಾವುದು ಚೆನ್ನಾಗಿ ಆಯಿತು? ಯಾವುದು ಇನ್ನೂ ಚೆನ್ನಾಗಬಹುದಿತ್ತು? ಬೇರೆ ಹೇಗೆ ಮಾಡಬಹುದಿತ್ತು? ಇದು ಯಾರಿಗೆ ತಿಳಿಯಬೇಕು? ಸಣ್ಣ ಕರೆಗಳ ನಂತರವೂ ಇದನ್ನು ಕೇಳುವ ರೂಢಿಯಿದ್ದರೆ ದೊಡ್ಡ ದುರಂತದ ದಿನ ಬಾಯಿ ತಾನಾಗಿ ಬಿಚ್ಚುತ್ತದೆ. ಆ ದಿನ ಮಾತ್ರ ವೃತ್ತಾಕಾರದಲ್ಲಿ ಕೂರಿಸಿದರೆ ಎಲ್ಲರೂ ನೆಲ ನೋಡುತ್ತಾರೆ.

ದುರಂತ ಆದ ತಕ್ಷಣ ಎಲ್ಲರನ್ನೂ ಕಡ್ಡಾಯವಾಗಿ ಕೂರಿಸಿ ನಡೆದದ್ದನ್ನೆಲ್ಲ ಮತ್ತೆ ಹೇಳಿಸುವ ಒಂದೇ ಬೈಠಕ್‌ನ ‘ಡೀಬ್ರೀಫಿಂಗ್’ ಹಿಂದೆ ಬಹಳ ಚಾಲ್ತಿಯಲ್ಲಿತ್ತು. ಅದರಿಂದ ಪಿಟಿಎಸ್‌ಡಿ (ಆಘಾತದ ನಂತರ ಉಳಿಯುವ ಮಾನಸಿಕ ಕಾಯಿಲೆ) ತಪ್ಪುತ್ತದೆ ಎಂಬುದಕ್ಕೆ, ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗುವ ಕಾಕ್ರೇನ್ ಪರಿಶೀಲನೆಯಲ್ಲಿ ಆಧಾರ ಸಿಗಲಿಲ್ಲ. ಬದಲಿಗೆ ಆ ರಾತ್ರಿ ಊಟ, ಸ್ನಾನ, ನಿದ್ದೆ, ಮನೆಗೆ ಫೋನು ಆಗಿದೆಯೇ ನೋಡಿ. ಮಾತಾಡಬೇಕೆನಿಸಿದವರಿಗೆ ಕಿವಿ ಕೊಡಿ. ವಾರಕ್ಕೊಮ್ಮೆ, ತಿಂಗಳಿಗೊಮ್ಮೆ ಮತ್ತೆ ವಿಚಾರಿಸಿ. ನಾಲ್ಕು ವಾರ ದಾಟಿದರೂ ಅದೇ ದೃಶ್ಯ ಕಣ್ಮುಂದೆ ಬರುತ್ತಿದ್ದರೆ, ಆ ರಸ್ತೆಯನ್ನೇ ತಪ್ಪಿಸಿ ಹೋಗುತ್ತಿದ್ದರೆ, ಸಣ್ಣದಕ್ಕೂ ಸಿಡುಕುತ್ತಿದ್ದರೆ, ಕುಡಿತ ಹೆಚ್ಚಿದ್ದರೆ ತಜ್ಞರ ಬಳಿ ಹೋಗಲೇಬೇಕು.

ಖಿನ್ನತೆಯ ಸರಳ ತಪಾಸಣೆಗೆ ಪಿಎಚ್‌ಕ್ಯೂ–9 ಎಂಬ ಒಂಬತ್ತು ಪ್ರಶ್ನೆಯ ಪಟ್ಟಿ ಸಾಕು. 27ಕ್ಕೆ 10 ಅಥವಾ ಹೆಚ್ಚು ಬಂದರೆ ವೈದ್ಯರಿಗೆ ತೋರಿಸಬೇಕು. ಆದರೆ ಒಂಬತ್ತನೇ ಪ್ರಶ್ನೆ, ಸಾಯುವ ಯೋಚನೆಯದ್ದು. ಅದಕ್ಕೆ ಸೊನ್ನೆ ಬಿಟ್ಟು ಬೇರೆ ಏನೇ ಉತ್ತರ ಬಂದರೂ ಒಟ್ಟು ಅಂಕ ಎಷ್ಟಿದ್ದರೂ ಆ ದಿನವೇ, ಆ ವ್ಯಕ್ತಿಯ ಜೊತೆ ಕೂತು ಮಾತಾಡಬೇಕು. ಉತ್ತರ ನೋಡಲು ಯಾರೂ ಗೊತ್ತಾಗಿಲ್ಲದಿದ್ದರೆ ಪಟ್ಟಿ ಹಂಚಲೇಬೇಡಿ. ಕೇಳಿ ಸುಮ್ಮನಾಗುವುದು ಕೇಳದೇ ಇರುವುದಕ್ಕಿಂತ ಕೆಟ್ಟದ್ದು.

ಕರ್ನಾಟಕದ ಠಾಣೆಗಳಲ್ಲಿ ಈ ಭಾಗಕ್ಕೆ ಬೇರೆಯೇ ತೂಕವಿದೆ. ಇಲ್ಲಿನ ಸಿಬ್ಬಂದಿ ಬೆಂಕಿಯಷ್ಟೇ ಅಲ್ಲ, ತೆರೆದ ಬಾವಿ, ಕೆರೆ, ಕಾಲುವೆಗಳಿಂದ ಶವ ಎತ್ತುವವರೂ ಹೌದು. 2018ರ ಕೊಡಗಿನ ಭೂಕುಸಿತ, 2019ರ ಉತ್ತರ ಕರ್ನಾಟಕದ ನೆರೆಯಂಥ ದಿನಗಳೂ ಇದೇ ಕೆಲಸದ ಭಾಗ. ಹಗ್ಗ ಕಟ್ಟಿಕೊಂಡು ಬಾವಿಗೆ ಇಳಿದವನ ಕೈಗೆ ಸಿಗುವುದು ಮಗುವಿನ ದೇಹವಾಗಿರಬಹುದು, ಮೇಲೆ ಅದರ ತಾಯಿ ಕಾದು ನಿಂತಿರುತ್ತಾಳೆ. ಅಮೆರಿಕದ ಕೈಪಿಡಿಯಲ್ಲಿ ಈ ಬಾವಿ ಇಲ್ಲ. ಇಂಥ ಕೆಲಸಕ್ಕೆ ನಮ್ಮ ಸಲಹೆ: ಅದೇ ಒಬ್ಬ ‘ಗಟ್ಟಿಗ’ನನ್ನೇ ಪ್ರತಿ ಸಲ ಇಳಿಸಬೇಡಿ, ಸರದಿ ಇರಲಿ. ಇಳಿದವನ ಕೈಯಲ್ಲೇ ಪಂಚನಾಮೆಯ ಕಾಗದಪತ್ರ ಮಾಡಿಸಬೇಡಿ. ಅಗತ್ಯಕ್ಕಿಂತ ಹೆಚ್ಚು ಜನ ದೇಹ ನೋಡುವಂತಾಗಬಾರದು, ಫೋಟೊ ಠಾಣೆಯ ವಾಟ್ಸ್‌ಆ್ಯಪ್ ಗುಂಪಿಗೆ ಬರಬಾರದು.

ಅಮೆರಿಕದ ನೌಕರರಿಗೆ ಮೇರಿಲ್ಯಾಂಡಿನ ಅಪ್ಪರ್ ಮಾರ್ಲ್‌ಬರೋದಲ್ಲಿ 2017ರಿಂದ ಅವರದೇ ಚಿಕಿತ್ಸಾ ಕೇಂದ್ರವಿದೆ. ಚಟ, ಪಿಟಿಎಸ್‌ಡಿ ಎರಡಕ್ಕೂ ಒಂದೇ ಸೂರಿನಡಿ, ಅದೇ ವೃತ್ತಿಯವರ ನಡುವೆ ಇದ್ದು ಚಿಕಿತ್ಸೆ ಪಡೆಯಬಹುದು. ನಮ್ಮಲ್ಲಿ ಇಂದೇ ಕೈಗೆ ಸಿಗುವುದು ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್: 14416. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರುಮಾಡಿತು, ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಹಗಲು ರಾತ್ರಿ ಇದೆ, ಕರೆ ಉಚಿತ, ಕನ್ನಡ ಆಯ್ದುಕೊಳ್ಳಬಹುದು. ಮೊದಲು ತರಬೇತಾದ ಸಲಹೆಗಾರರು ಮಾತಾಡುತ್ತಾರೆ, ಬೇಕಾದರೆ ಮನೋವೈದ್ಯರಿಗೆ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಕಳಿಸುತ್ತಾರೆ. ಪಾಳಿಯವರಿಗೆ ರಾತ್ರಿ 3 ಗಂಟೆಗೂ ಫೋನೆತ್ತುವ ಸೇವೆ ಎಂಬುದೇ ದೊಡ್ಡ ಗುಣ. ಕೊರತೆ ಎಂದರೆ ಇದು ಎಲ್ಲರಿಗೂ ಇರುವ ಸೇವೆ. ಎತ್ತಿದವರಿಗೆ ಅಗ್ನಿಶಾಮಕರ ಬದುಕು ಗೊತ್ತಿರಬೇಕೆಂದಿಲ್ಲ. ಸಶಸ್ತ್ರ ಪಡೆಗಳಿಗೆ ಪುಣೆಯಲ್ಲಿ ಪ್ರತ್ಯೇಕ ಟೆಲಿ ಮಾನಸ್ ಘಟಕ 2023ರಲ್ಲೇ ಆಯಿತು. ಅಗ್ನಿಶಾಮಕ ದಳದವರಿಗೂ ಅಂಥದ್ದು ಬೇಕೇ ಬೇಕು. ಅಲ್ಲಿಯವರೆಗೆ ಫೋನಿನಲ್ಲಿ ಮೊದಲ ಮಾತಿನಲ್ಲೇ ‘ಅಗ್ನಿಶಾಮಕ ದಳದಲ್ಲಿದ್ದೇನೆ, ಪಾಳಿ ಕೆಲಸ, ಇಂಥ ಕರೆ ಆದಾಗಿನಿಂದ ಇಷ್ಟು ದಿನದಿಂದ ನಿದ್ದೆ ಇಲ್ಲ’ ಎಂದು ಹೇಳಿಬಿಡಿ. ಮಾತು ನೇರ ವಿಷಯಕ್ಕೆ ಬರುತ್ತದೆ. ಬ್ಯಾರಕ್‌ನಲ್ಲಿ ಹತ್ತು ಜನರ ನಡುವೆ ಇದನ್ನು ಹೇಳಲಾಗುವುದಿಲ್ಲ. ಬಾಗಿಲು ಹಾಕಿಕೊಳ್ಳಬಹುದಾದ ಒಂದು ಚಿಕ್ಕ ಕೋಣೆ, ಒಂದು ಕುರ್ಚಿ ಠಾಣೆಯಲ್ಲಿ ಇರಲಿ.

ಯಾರು ಎಷ್ಟು ತೆಗೆದುಕೊಳ್ಳಬಹುದು

ಕೈಪಿಡಿ ಐಎಎಫ್‌ಎಫ್ ಜಾಲತಾಣದಲ್ಲಿದೆ, ಇಂಗ್ಲಿಷಿನಲ್ಲಿ. ದೊಡ್ಡ ಇಲಾಖೆಗೆ ಐದೂ ಭಾಗ ಬೇಕು. ಹತ್ತು ಹನ್ನೆರಡು ಮಂದಿಯ ತಾಲ್ಲೂಕು ಠಾಣೆಗೆ ಅಷ್ಟು ಹೊರೆ ಬೇಡ. ಬಿಪಿ ಯಂತ್ರ, ಸಕ್ಕರೆ ನೋಡುವ ಗ್ಲುಕೋಮೀಟರ್, ಡೈನಮೊಮೀಟರ್, ಮೆಟ್ರೊನೋಮ್ ಆ್ಯಪ್, ಎರಡು ಬಕೆಟ್, ಸ್ಪ್ರೇಯರ್, ಬ್ರಷ್ ಇವಿಷ್ಟರಿಂದ ಶುರುಮಾಡಬಹುದು. ಟ್ರೆಡ್‌ಮಿಲ್ ಕೊನೆಗೆ ಬರಲಿ. ಇಸಿಜಿ, ರಕ್ತ ಪರೀಕ್ಷೆಗೆ ತಾಲ್ಲೂಕು ಆಸ್ಪತ್ರೆಯಲ್ಲಿ ವರ್ಷಕ್ಕೊಂದು ದಿನ ಗೊತ್ತುಮಾಡಿ, ಪಾಳಿ ಒಡೆದು ಎರಡು ಸರದಿಯಲ್ಲಿ ಕಳಿಸಿ. ವರದಿಗಳು ನೌಕರನ ಕೈಗೆ ನೇರ ಹೋಗಲಿ. ಠಾಣೆಯ ಫೈಲಿಗೆ ವೈದ್ಯರು ಬರೆದ ಆ ಒಂದು ಸಾಲು ಮಾತ್ರ ಬರಲಿ, ಮತ್ತು ಶುರುಮಾಡುವ ಮುನ್ನ ಇದನ್ನು ಲಿಖಿತ ಆದೇಶವಾಗಿ ಓದಿ ಹೇಳಿ, ಎಲ್ಲರ ಎದುರು ಸಹಿ ಮಾಡಿ.